ಹನ್ನೊಂದು ದಿನದ ದಡಿ

ಸೀರೆಯ ಅಂಚಿಗೆ ಬರೆದ ಹೊಸ ದಡಿ ತೋರಿಸುತ್ತೇನೆಂದು ಹದಿನಾರು ಮಂದಿ ನೇಕಾರರನ್ನು ಕರೆಸಿ, ಕುರ್ಚಿ ಹಾಕಿಸಿ, ಚಹಾ ಹೇಳಿ, ಕಂಪ್ಯೂಟರಿನ ಮುಂದೆ ಕೂತ ಧರ್ಮರಾಜ ಗುಂಡಿ ಒತ್ತಿದ. ತೆರೆಯ ಮೇಲೆ ಬಂದದ್ದು ದಡಿಯಲ್ಲ. ಹಿಂದಿನ ದಿನ ಆತ ಯಾರೂ ಇಲ್ಲದಾಗ ನೋಡಿದ್ದ ‘ಮನೆಯಲ್ಲೇ ತಲೆಗೂದಲು ಕಪ್ಪಾಗಿಸುವುದು ಹೇಗೆ’ ಎಂಬ ವಿಡಿಯೊ. ಬಂದದ್ದು ಬಂತು, ಹೋಗಲೊಲ್ಲದು. ಬಟ್ಟಲಲ್ಲಿ ಬಣ್ಣ ಕಲಸುತ್ತಿದ್ದ ಹೆಂಗಸಿನ ಕೈ ಅಲ್ಲೇ ನಿಂತುಬಿಟ್ಟಿತ್ತು. ಧರ್ಮರಾಜ ಮೌಸನ್ನು ಉಜ್ಜಿದ, ಕುಟ್ಟಿದ, ಕೊನೆಗೆ ಎದ್ದು ತೆರೆಗೆ ತಾನೇ ಅಡ್ಡ ನಿಂತ. ಅಡ್ಡ ನಿಲ್ಲಲು ಆತನ ಮೈ ಸಾಕಷ್ಟಿತ್ತು, ಆದರೆ ತಡವಾಗಿತ್ತು.

“ಆ ಬಣ್ಣ ರೇಷ್ಮಿಗೆ ಹತ್ತತೈತೇನ್ರಿ ಸಾಹೇಬ್ರ?” ಎಂದು ಮುಂದೆ ಕೂತಿದ್ದ ಬೋರವ್ವ ಕೇಳಿದಳು. ನಲವತ್ತು ವರ್ಷ ಮಗ್ಗದಲ್ಲಿ ಕೂತವಳು ಬಣ್ಣದ ಬಗ್ಗೆ ಕೇಳಿದರೆ ಬೇಡವೆನ್ನುವವರು ಯಾರು?

ನಗು ಮುಗಿದ ಮೇಲೆ ಧರ್ಮರಾಜನಿಗೆ ಬೆವರು ಬಂತು. ಇಳಕಲ್ಲಿನ ಆ ಸಣ್ಣ ನೇಕಾರರ ಸಂಘಕ್ಕೆ ಆತ ಕಾರ್ಯದರ್ಶಿ. ಗ್ರಾಫ್ ಕಾಗದ ಬಿಟ್ಟು ಕಂಪ್ಯೂಟರಿನಲ್ಲಿ ದಡಿ ಬರೆಯಲು ಕಲಿತು ಎರಡು ವರ್ಷವಾಗಿತ್ತು, ಆದರೆ ಬುದ್ಧಿ ಇನ್ನೂ ಮಗ್ಗದ್ದೇ. ಅರ್ಧ ನೇಯ್ದ ಸೀರೆಯನ್ನು ಯಾರೂ ಸಂಜೆ ಬಿಚ್ಚಿ ಪೆಟ್ಟಿಗೆಗೆ ಹಾಕುವುದಿಲ್ಲ. ಮೇಲೊಂದು ಅರಿವೆ ಹೊದಿಸಿ ಮನೆಗೆ ಹೋಗುತ್ತಾರೆ. ಧರ್ಮರಾಜನೂ ಹಾಗೆಯೇ, ಚೌಕ ಚೌಕ ತುಂಬಿ ಬರೆದ ದಡಿಯನ್ನು ಸೇವ್ ಮಾಡದೆ, ಮುಚ್ಚದೆ, ಮಾನಿಟರಿನ ಮೇಲೊಂದು ಅರಿವೆ ಹೊದಿಸಿ ಹೋಗುತ್ತಿದ್ದ. ತೆರೆದ ಇನ್ನುಳಿದವುಗಳಿಗೂ ಅದೇ ಮರ್ಯಾದೆ. ಹೀಗೆ ಹನ್ನೊಂದು ದಿನ.

ಸೋಮವಾರ ಹದಿನಾರು ಮಗ್ಗಕ್ಕೆ ಆ ದಡಿ ಏರಬೇಕಿತ್ತು. ಅದನ್ನು ನಂಬಿಯೇ ಬಾಗಲಕೋಟೆಯ ಅಂಗಡಿಯವರೊಬ್ಬರು ಮದುವೆ ಸೀರೆಗಳ ಕೆಲಸ ಒಪ್ಪಿಸಿದ್ದರು. ದಡಿ ಇಲ್ಲವೆಂದರೆ ಕೆಲಸ ಬೇರೆ ಊರಿಗೆ. ಸಾಲದ್ದಕ್ಕೆ ಅವತ್ತು ಹನ್ನೊಂದು ಗಂಟೆಗೆ ಲೈನಿನ ಕೆಲಸಕ್ಕೆಂದು ಕರೆಂಟು ಹೋಗುವುದಿತ್ತು. ಸಂಜೆವರೆಗೆ ಬರುವುದಿಲ್ಲ; ಯುಪಿಎಸ್ಸಿನ ಬ್ಯಾಟರಿ ಹತ್ತು ನಿಮಿಷ ತಡೆದರೆ ಹೆಚ್ಚು. ಯಂತ್ರ ಆರಿತೆಂದರೆ ಸೇವ್ ಆಗದ ದಡಿಯೂ ಹೋದಂತೆಯೇ. ಗೋಡೆಯ ಗಡಿಯಾರದಲ್ಲಿ ಆಗಲೇ ಹತ್ತೂ ಕಾಲು.

ಆರಿಸಿ ಹಚ್ಚಿದರೆ ಸರಿಹೋಗುತ್ತದೆಂದು ಹದಿನೈದು ಮಂದಿ ಸಲಹೆ ಕೊಟ್ಟರು. ಬೋರವ್ವ ಮಾತ್ರ ಸಲಹೆ ಕೊಡದೆ ಅಬೇದಾಗೆ ಫೋನು ಹಚ್ಚಿದಳು.

ಅಬೇದಾ ಕೆರೂರಿನ ಮಗಳು, ಇಳಕಲ್ಲಿನ ಸೊಸೆ. ಅವಳಪ್ಪ ಮಲೀಕಸಾಬ ಕೆರೂರ ಸಂತೆಯಲ್ಲಿ ತಾಡಪಾಲು ಹಾಸಿ ರೇಡಿಯೊ, ಮಿಕ್ಸರು ರಿಪೇರಿ ಮಾಡುತ್ತಿದ್ದವರು. ಸತ್ತ ಒಂದು ರೇಡಿಯೊದ ಭಾಗ ಹಂಚಿ ಮೂರನ್ನು ಬದುಕಿಸುತ್ತಿದ್ದರು. ಮಗಳು ಆ ಗುಣವನ್ನು ಕಂಪ್ಯೂಟರಿಗೆ ತಂದಳು. ಹೊಸದು ಕೊಳ್ಳಿರಿ ಎಂಬ ಮಾತನ್ನು ಅವಳ ಬಾಯಿಂದ ಕೇಳಿದವರಿಲ್ಲ. ಹಳೆಯ ಯಂತ್ರ ಬಂದರೆ, ಅದರೊಳಗಿನ ಅಲಂಕಾರದ ಡೆಸ್ಕ್‌ಟಾಪ್ ಇಳಿಸಿ ಹಗುರವಾದದ್ದೊಂದನ್ನು ಏರಿಸಿ ಕೊಡುತ್ತಾಳೆ. ಅದರಲ್ಲಿ ಕಿಟಕಿಗಳು ಹಾರಿ ಬರುವುದಿಲ್ಲ, ತೆರೆಯ ಹಿನ್ನೆಲೆಯಲ್ಲಿ ಮೀನು ಈಜುವುದಿಲ್ಲ. ಚಂದ ಇಲ್ಲವೆಂದು ಮೊದಲ ವಾರ ಗೊಣಗಿದವರು ಎರಡನೆಯ ವಾರ ಸುಮ್ಮನಾಗುತ್ತಾರೆ. ರಾಮಥಾಳದ ಕಡೆಯ ಸಾಲೆಯೊಂದರ ಏಳು ಕಂಪ್ಯೂಟರು ಹೀಗೆ ಎದ್ದು ಕೂತಾಗ ಹೆಡ್ಮಾಸ್ತರು ಒಂದು ಚೀಲ ಶೇಂಗಾ ಕಳಿಸಿದ್ದರು. ಧರ್ಮರಾಜನಿಗೂ ಆಕೆ ಎರಡು ವರ್ಷದ ಹಿಂದೆಯೇ ಹೇಳಿದ್ದಳು. ಸಂಘದ ಕಂಪ್ಯೂಟರು ನೋಡಿದರೆ ಸಂಘದ ಘನತೆ ಗೊತ್ತಾಗಬೇಕೆಂದು ಆತ ಮೀನುಗಳನ್ನು ಉಳಿಸಿಕೊಂಡಿದ್ದ.

ಅಬೇದಾ ಬಂದವಳೇ ಧರ್ಮರಾಜನ ಕೈಯಿಂದ ಮೌಸು ಬಿಡಿಸಿ ತನ್ನ ಚೀಲಕ್ಕೆ ಹಾಕಿಕೊಂಡಳು. ಕೀಬೋರ್ಡಿನ ಮೂರು ಗುಂಡಿಗಳನ್ನು ಒಮ್ಮೆಲೇ ಒತ್ತಿ, ಕೈಕಟ್ಟಿ ಕೂತಳು. ಐದು ನಿಮಿಷ ಕಳೆಯಿತು.

“ಏನರೆ ಮಾಡು ತಂಗಿ,” ಎಂದ ಧರ್ಮರಾಜ.

“ಮಾಡೀನ್ರಿ ಕಾಕಾ. ಈಗ ಅದು ಮಾಡ್ಲಿ.”

ಒಂಬತ್ತನೆಯ ನಿಮಿಷಕ್ಕೆ, ಯಾವುದು ಎಷ್ಟು ಮೆಮರಿ ಹಿಡಿದಿದೆಯೆಂಬ ಪಟ್ಟಿ ಮೂಡಿತು. ಯಂತ್ರಕ್ಕಿದ್ದದ್ದು ಎರಡೇ ಜಿಬಿ ಮೆಮರಿ. ಅದು ಪಡಸಾಲೆ ಇದ್ದಂತೆ, ತೆರೆದವರೆಲ್ಲ ಅಲ್ಲೇ ಕೂರಬೇಕು, ಜಾಗ ಸಾಲದಾದಾಗ ಯಂತ್ರವು ಒಬ್ಬರನ್ನು ಅಟ್ಟಕ್ಕೆ ಏರಿಸಿ ಇನ್ನೊಬ್ಬರನ್ನು ಇಳಿಸುವುದರಲ್ಲೇ ಸುಸ್ತಾಗುತ್ತದೆ ಎಂದು ಅವಳು ಬೋರವ್ವನಿಗೆ ತಿಳಿಸಿಕೊಟ್ಟಳು. ಬ್ರೌಸರಿನಲ್ಲಿ ನಲವತ್ತಾರು ಪುಟ, ಸಾವಿರದ ನೂರು ಎಂಬಿ. ಮೀನು ಮತ್ತು ಅಲಂಕಾರ, ಐನೂರು. ಮೆಸೇಜಿನ ಆ್ಯಪು, ಮುನ್ನೂರು. ಕಳೆದ ವರ್ಷದ ಒಂದು ಆನ್‌ಲೈನ್ ಸಭೆಗೆಂದು ಹಾಕಿದ ಆ್ಯಪು ದಿನಾ ತಾನಾಗಿಯೇ ಎದ್ದು ಕೂರುತ್ತಿತ್ತು, ನೂರೈವತ್ತು. ದಡಿ ಬರೆಯುವ ಪ್ರೋಗ್ರಾಮು ಕೆಳಗೆ ಮೂಲೆಯಲ್ಲಿತ್ತು.

“ಕೆಲಸ ಮಾಡಾಂವ ತೊಂಬತ್ತು ತಿಂದಾನ. ಉಳಿದವ್ರು ಬರೇ ಊಟಕ್ಕ ಬಂದಾರ,” ಎಂದಳು ಅಬೇದಾ.

ಧರ್ಮರಾಜನಿಗೆ ಸಂಘದ ಕಾರ್ಯಕಾರಿ ಮಂಡಳಿ ನೆನಪಾಯಿತು. ತಾನು ಆ ಪಟ್ಟಿಯಲ್ಲಿ ಎಷ್ಟನೆಯವನೆಂಬುದೂ ಹೊಳೆಯಿತು.

ಅವಳು ಒಬ್ಬೊಬ್ಬರನ್ನೇ ಎಬ್ಬಿಸಿ ಹೊರಗೆ ಕಳಿಸಿದಳು. ಸಭೆಯ ಆ್ಯಪು ಹೋಯಿತು, ಕಾದಳು. ಮೆಸೇಜು ಹೋಯಿತು, ಕಾದಳು. ಅವಸರ ಮಾಡಿದರೆ ಯಂತ್ರವು ಗಾಬರಿಯಲ್ಲಿ ದಡಿಯನ್ನೇ ಹೊರಗೆ ಹಾಕೀತು. ಬ್ರೌಸರನ್ನು ಎಬ್ಬಿಸಿದಾಗ ಬಣ್ಣದ ಬಟ್ಟಲಿನ ಹೆಂಗಸು ಹೋದಳು, ಕರೆಂಟೂ ಹೋಯಿತು. ಯುಪಿಎಸ್ಸು ಕೂಗತೊಡಗಿತು. ದಡಿಯ ಕಿಟಕಿ ಬಂದಿತ್ತು, ಆದರೆ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಿತ್ತು. ಧರ್ಮರಾಜ ಬನಶಂಕರಿಗೆ ಹರಕೆ ಹೊತ್ತ, ನಡುವೆ ಮೀನುಗಳನ್ನು ಬಿಟ್ಟುಕೊಡುವುದಾಗಿಯೂ ಸೇರಿಸಿದ.

ನಾಲ್ಕು ನಿಮಿಷದ ಮೇಲೆ, ಮೇಲಿನಿಂದ ಕೆಳಗೆ, ಸಾಲು ಸಾಲಾಗಿ ದಡಿ ಇಳಿಯಿತು. ಅಬೇದಾ ಸೇವ್ ಒತ್ತಿದಳು. ಫೈಲಿಗೆ ಹೆಸರೇನೆಂದು ಯಂತ್ರ ಕೇಳಿತು. ಅವಳು ಧರ್ಮರಾಜನ ಕಡೆ ನೋಡಿದಳು. ಆತ ಕಣ್ಣು ಮುಚ್ಚಿದ್ದ. ಇದ್ದದ್ದನ್ನೇ ಇರಲೆಂದು ಒತ್ತಿ, ಪೆನ್‌ಡ್ರೈವಿಗೂ ಒಂದು ಪ್ರತಿ ಇಳಿಸಿ, ಯಂತ್ರವನ್ನು ಆರಿಸಿದಳು. ಹನ್ನೊಂದು ದಿನಗಳಲ್ಲಿ ಅದು ನಿದ್ದೆ ಹೋದದ್ದು ಅದೇ ಮೊದಲು.

ಬೋರವ್ವ ಅಬೇದಾಳ ಎರಡೂ ಕೆನ್ನೆ ಸವರಿ ನೆಟಿಗೆ ತೆಗೆದಳು. ಸೋಮವಾರದ ಮಾತಾಡುತ್ತ ನೇಕಾರರು ಆರಿದ ಚಹಾ ಕುಡಿದು ಎದ್ದರು. ಹದಿನಾರು ಮನೆಯ ಕೆಲಸ ಉಳಿಯಿತೆಂಬುದು ಧರ್ಮರಾಜನಿಗೆ ಆಗ ಸರಿಯಾಗಿ ಮನಸ್ಸಿಗೆ ಇಳಿಯಿತು. ಸಂಜೆ ಕರೆಂಟು ಬಂದ ಕೂಡಲೇ ಚಂದವನ್ನು ಇಳಿಸಿ ಹಗುರವಾದದ್ದನ್ನು ಇವತ್ತೇ ಹಾಕಿಬಿಡು ಎಂದ. ಇಳಕಲ್ಲಿನಲ್ಲಿ ಒಂದೊಂದು ದಡಿಗೆ ಒಂದೊಂದು ಹೆಸರಿರುತ್ತದೆ. ಅದಕ್ಕಿಂತ ದೊಡ್ಡ ಮರ್ಯಾದೆ ಆತನಿಗೆ ತೋಚಲಿಲ್ಲ.

“ತಂಗಿ, ಈ ದಡಿಗೆ ನಿನ್ನ ಹೆಸರ ಇಡೂಣು. ಊರೂರಾಗ ಮಂದಿ ಅಬೇದಾ ದಡಿ ಕೊಡ್ರಿ ಅಂತ ಕೇಳ್ಬೇಕು. ಏನಂತಿ?”

ಅಬೇದಾ ಪೆನ್‌ಡ್ರೈವನ್ನು ಅವನ ಅಂಗೈಯಲ್ಲಿಟ್ಟಳು.

“ಮೊದ್ಲ ಫೈಲಿಗೆ ಒಂದು ಹೆಸರ ಇಡ್ರಿ ಕಾಕಾ. ಸದ್ಯ ಅದು ‘ಅನ್‌ಟೈಟಲ್ಡ್ ಒಂದು’ ಐತಿ.”