ಗಿರಿಜಾಂಬಾ ಮೇಡಂ ಬೆನ್ನು ತಿರುಗಿಸಿದ್ದು

ಸಿದ್ಧಾರ್ಥನಗರದ ಮನೆಯಿಂದ ಸ್ಕೂಟರಿನಲ್ಲಿ ಹೊರಟು ಕಾಲೇಜಿನ ಗೇಟು ದಾಟುವಷ್ಟರಲ್ಲೇ ಗಿರಿಜಾಂಬಾ ಅವರ ಮುಖ ಗಂಟಿಕ್ಕಿಕೊಳ್ಳುತ್ತಿತ್ತು. ಫಾರ್ಮಸಿ ವಿದ್ಯಾರ್ಥಿಗಳಿಗೆ ಕೈಯಾರೆ ಔಷಧಿ ತಯಾರಿಸುವುದನ್ನು ಕಲಿಸುವುದು ಅವರ ಕೆಲಸ. ಕಲಿಯಲು ಬಂದವರೋ, ಮಾತ್ರೆ ಮರದಲ್ಲಿ ಬಿಡುತ್ತದೆ ಎಂದರೂ ತಲೆಯಾಡಿಸಿ ಬರೆದುಕೊಳ್ಳುವ ಮಂದಿ. ಪ್ರಿನ್ಸಿಪಾಲ್ ಗೋವಿಂದರಾಜು ಅವರನ್ನು ಕಂಡರಂತೂ ಇನ್ನೂ ತಾತ್ಸಾರ. ಆ ಮನುಷ್ಯ ಕುಟ್ಟಾಣಿ ಹಿಡಿದದ್ದನ್ನು ಕಂಡವರಿಲ್ಲ. ಶಾಲು ಹೊದಿಸಿಕೊಳ್ಳಲು ಮಾತ್ರ ಪಳಗಿದ ಭುಜ.

"ಈಗೆಲ್ಲ ಫ್ಯಾಕ್ಟರಿಯಿಂದ್ಲೇ ಬರುತ್ತಲ್ಲ ಮೇಡಂ. ಒಂದು ವಿಡಿಯೋ ತೋರ್ಸಿ ಮುಗಿಸ್ಬುಡಿ," ಎಂದಿದ್ದರು ಒಮ್ಮೆ.

"ಎಳೇ ಕೂಸಿಗೆ ಬೇಕಾದಷ್ಟು ಸಣ್ಣ ಡೋಸು ಅಂಗಡೀಲಿ ಸಿಗ್ದೇ ಹೋದ್ರೆ ವಿಡಿಯೋನೇ ಕುಡಿಸೋಣ್ವಾ ಸರ್?"

ಗೋವಿಂದರಾಜು ಫೋನು ಬಂದವರಂತೆ ಎದ್ದು ಹೋಗಿದ್ದರು.

ಅಂದು ಎಮಲ್ಷನ್ ಮಾಡುವ ಪ್ರಾಕ್ಟಿಕಲ್. ಎಣ್ಣೆ, ಗೋಂದಿನ ಪುಡಿ, ನೀರನ್ನು ಪಿಂಗಾಣಿ ಕುಟ್ಟಾಣಿಯಲ್ಲಿ ಬಿಡದೆ ಅರೆದರೆ ಹಾಲಿನಂತೆ ಒಂದಾಗಬೇಕು. ಕೈ ನಿಂತರೆ ಎಣ್ಣೆ ಬೇರೆ, ನೀರು ಬೇರೆ. ಯಶಸ್‌ನದು ಒಡೆದಿತ್ತು.

"ತಲೆಗೆ ಹಚ್ಕೊಳಪ್ಪ. ಒಳಗಂತೂ ಏನೂ ಇಲ್ಲ, ಹೊರಗಾದ್ರೂ ಹೊಳೀಲಿ."

ಪಕ್ಕದ ಮೇಜಿನ ಲಹರಿ ಮಾಡಿದ್ದನ್ನು ಸರಿಯಾಗಿ ನೋಡದೆಯೇ ಸಿಂಕಿಗೆ ಸುರಿದರು. ನಂಜನಗೂಡು ಕಡೆಯ ರೈತರ ಮಗಳು ಪವಿತ್ರ, ಒಮ್ಮೆ ಕೆಡಿಸಿಕೊಂಡು ಮತ್ತೆ ಅರೆಯುತ್ತಿದ್ದಳು. ಅವಳ ಮುಂದೆ ನಿಂತರು.

"ಚಟ್ನಿ ಅರೆಯೋಕೂ ನಾಲಾಯಕ್ ಕಣಮ್ಮ ನೀನು."

ಪವಿತ್ರ ತಲೆ ಎತ್ತಲಿಲ್ಲ. "ಮೇಡಂ, ನೀವು ನೋಡ್ತಿದ್ರೆ ನನ್ ಕೈ ನಡುಗ್ತದೆ. ಚೂರು ಆ ಕಡೆ ತಿರುಗ್ಕೊಳ್ಳಿ."

"ಅದನ್ನೂ ನೋಡ್ಬುಡೋಣ," ಎಂದು ಗಿರಿಜಾಂಬಾ ಕೈಕಟ್ಟಿ ಕಿಟಕಿಯತ್ತ ತಿರುಗಿದರು. ಬೆನ್ನ ಹಿಂದೆ ಅರೆಯುವ ಸದ್ದು ಬಿರುಸಾಯಿತು. ಸ್ವಲ್ಪ ಹೊತ್ತಿಗೆ ಅದರೊಳಗಿಂದ ಚಟಚಟ ಎಂಬ ಸಣ್ಣ ಸಿಡಿತ ಎದ್ದಿತು. ಎಣ್ಣೆ, ನೀರು ಒಂದಾದವು ಎನ್ನುವ ಸದ್ದು ಅದು. ಅವರ ಮೈ ಜುಮ್ಮೆಂದಿತು. ತಿರುಗಿ ನೋಡಿದರೆ ಕುಟ್ಟಾಣಿಯಲ್ಲಿ ಬೆಳ್ಳಗೆ, ಗಟ್ಟಿ ಕೆನೆ.

ಹಾಗಾದರೆ ಇಷ್ಟು ವರ್ಷ ಒಡೆದದ್ದೆಲ್ಲ ಈ ದಡ್ಡರಿಂದಲೇ ಒಡೆಯಿತೇ? ಉತ್ತರ ಹುಡುಕುವುದಕ್ಕಿಂತ ತಾತ್ಸಾರವೇ ಸುಲಭವೆನಿಸಿತು.

"ಸುಮಾರಾಗಿದೆ," ಎಂದರು.

ಆದರೆ ಮುಂದಿನ ಪ್ರಾಕ್ಟಿಕಲ್‌ನಲ್ಲಿ, "ನಿಮ್ ಮುಖ ನೋಡೋ ಕರ್ಮ ನಂಗ್ಯಾಕೆ," ಎಂದು ಮೊದಲೇ ಕಿಟಕಿಗೆ ಮುಖ ಮಾಡಿ ನಿಂತರು. ಕಿವಿ ಮಾತ್ರ ಮೇಜುಗಳ ಮೇಲಿತ್ತು. ಆ ದಿನ ಅರ್ಧ ಲ್ಯಾಬು ಚಟಚಟ ಎಂದಿತು.

ಕಾರಿಡಾರಿನಲ್ಲಿ ಹೋಗುತ್ತಿದ್ದ ಗೋವಿಂದರಾಜು ಇಣುಕಿ, "ಮೇಡಂಗೂ ಕೊನೆಗೆ ಬೇಜಾರಾಗ್ಬುಟ್ಟಿದೆ," ಎಂದು ಜೊತೆಯಲ್ಲಿದ್ದವರಿಗೆ ಖುಷಿಯಿಂದ ಹೇಳಿದರು. ಗಿರಿಜಾಂಬಾ ಅವರಿಗೆ ಅದು ಕೇಳಿಸಿತು. ಆ ಮನುಷ್ಯನಿಗೆ ಉತ್ತರ ಬೇರೆ ಕೇಡು ಎಂದುಕೊಂಡು ಮತ್ತೆ ಚಟಚಟ ಸದ್ದಿಗೆ ಕಿವಿಗೊಟ್ಟರು.