ದಾಖ್ಲಾದ ಅಕ್ಕ, ಶಿಬಿರದ ತಂಗಿ

ಗಾಜಿನಾಚೆ ಕೂತಿದ್ದ ಹುಡುಗಿ ಮಗ್ಲಾಹಳ ಅಪ್ಪನ ಗುರುತಿನ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅಂಚು ಸವೆದ ಚೀಟಿ. ಸ್ಪೇನಿನ ಒಂದು ಊರಿನ ಪೌರತ್ವದ ಕಚೇರಿಗೆ ಮಗ್ಲಾಹ ಬಂದಿದ್ದು ಅದು ಮೂರನೆಯ ಸಲ.

"ಮೇಡಂ, ನೀವು ಹುಟ್ಟಿದ್ದು ಅರವತ್ತೆಂಟರಲ್ಲಿ, ವಿಯ್ಯಾ ಸಿಸ್ನೆರೋಸ್‌ನಲ್ಲಿ. ಆದ್ರೆ ಆಗ ಅದು ಸ್ಪೇನ್ ಆಗಿರ್ಲಿಲ್ಲ."

"ಮತ್ತೇನಾಗಿತ್ತು?"

"ಸ್ಪೇನ್ ಆಳ್ತಾ ಇದ್ದ ಜಾಗ."

"ನಮ್ಮಪ್ಪ ನಿಮ್ಮ ಪೊಲೀಸ್ ಟೋಪಿ ಹಾಕ್ಕೊಂಡು ಹದಿಮೂರು ವರ್ಷ ಒಂಟೆ ಮೇಲೆ ಗಸ್ತು ತಿರುಗಿದ. ಆ ಚೀಟಿ ಮೇಲಿನ ಮುದ್ರೆ ಯಾರ್ದು?"

"ನಮ್ದೇ," ಅಂದ ಹುಡುಗಿ ತಲೆ ತಗ್ಗಿಸಿದಳು. "ಏನ್ಮಾಡ್ಲಿ ಹೇಳಿ, ಕಳೆದ ವರ್ಷ ದೊಡ್ಡ ಕೋರ್ಟೇ ಹಾಗಂತ ಹೇಳಿಬಿಟ್ಟಿದೆ." ಆಮೇಲೆ ಮಾತು ಬದಲಿಸಲೆಂದೋ ಏನೋ, "ನಿಮ್ಮ ಮಾತು ಕ್ಯೂಬಾದವರ ಥರ ಇದೆಯಲ್ಲ?" ಎಂದಳು.

"ನೀವು ಹೇಳದೆ ಕೇಳದೆ ಎದ್ದು ಹೋದ್ರಿ. ನಿಮ್ಮ ಭಾಷೆ ಕಲಿಯೋಕೆ ನಾನು ಅಷ್ಟು ದೂರ ಹೋಗ್ಬೇಕಾಯ್ತು ನೋಡಮ್ಮ."

ಹುಡುಗಿ ನಗಬೇಕೋ ಬೇಡವೋ ತಿಳಿಯದೆ ಚೀಟಿಯನ್ನು ಗಾಜಿನ ಕಿಂಡಿಯಿಂದ ಈಚೆ ತಳ್ಳಿದಳು.

ಮಗ್ಲಾಹಳಿಗೆ ಸ್ಪೇನಿನಲ್ಲಿ ನೆಲೆಸುವ ಆಸೆಯೇನೂ ಇರಲಿಲ್ಲ. ಆ ದೇಶದ ಪಾಸ್‌ಪೋರ್ಟು ಸಿಕ್ಕರೆ ನೆಟ್ಟಗೆ ವಿಮಾನ ಹತ್ತಿ ದಾಖ್ಲಾದಲ್ಲಿ ಇಳಿಯಬಹುದಿತ್ತು. ಸ್ಪೇನಿನವರು ವಿಯ್ಯಾ ಸಿಸ್ನೆರೋಸ್ ಎಂದು ಕರೆಯುತ್ತಿದ್ದ ಊರೇ ದಾಖ್ಲಾ. ಅಲ್ಲಿ ಅವಳ ಅಕ್ಕ ಎಂಗಿಯಾ ಇದ್ದಳು. ಫೋನಿನಲ್ಲಿ ದನಿ ಕೇಳುತ್ತಿದ್ದರೂ ಅಕ್ಕನ ಮುಖ ನೋಡಿ ನಲವತ್ತಾರು ವರ್ಷವಾಗಿತ್ತು.

ಎಪ್ಪತ್ತೈದರ ಚಳಿಗಾಲದಲ್ಲಿ ಸ್ಪೇನಿನವರು ಗಂಟುಮೂಟೆ ಕಟ್ಟಿದಾಗ ಉತ್ತರದಿಂದ ಮೊರೊಕ್ಕೊ, ದಕ್ಷಿಣದಿಂದ ಮಾರಿಟೇನಿಯ, ಎರಡೂ ಕಡೆಯಿಂದ ಸೈನ್ಯ ನುಗ್ಗಿತು. ಮಗ್ಲಾಹಳಿಗೆ ಆಗ ಏಳು ವರ್ಷ. ಅಪ್ಪ ಎಲ್ಲಿಂದಲೋ ಒಂದು ಲಾರಿ ತಂದ. ಹೊಸದಾಗಿ ಮದುವೆಯಾಗಿದ್ದ ಎಂಗಿಯಾ ಊರಿನ ಆ ತುದಿಯಲ್ಲಿ, ಅತ್ತೆಮನೆಯಲ್ಲಿದ್ದಳು. ಲಾರಿ ಅತ್ತ ಹೋಗಲಿಲ್ಲ. ಅಲ್ಜೀರಿಯದ ತಿಂದೂಫ್ ಬಳಿಯ ಬರಡು ನೆಲ ತಲುಪುವಷ್ಟರಲ್ಲಿ ಹಾದಿಯಲ್ಲಿ ಬಾಂಬು ಬಿದ್ದು ಅಪ್ಪನೂ ಇಲ್ಲವಾಗಿದ್ದ. ತಾಯಿ ನುಯೈನಾ ಇತರ ಹೆಂಗಸರೊಡನೆ ಸೇರಿ, ಉಟ್ಟ ಮೆಲ್ಹಫಗಳನ್ನೇ ಹೊಲಿದು ಮೊದಲ ಡೇರೆ ಎತ್ತಿದಳು. ಆಮೇಲೆ ಮಾರಿಟೇನಿಯ ಹಿಂದೆ ಸರಿಯಿತು; ದಾಖ್ಲಾವನ್ನೂ ಹಿಡಿದ ಮೊರೊಕ್ಕೊ ನಾಡಿನ ನಡುವೆ ಮರಳಿನ ಗೋಡೆ ಕಟ್ಟಿ, ಅದರುದ್ದಕ್ಕೂ ನೆಲಬಾಂಬು ಹೂತಿತು.

ಹನ್ನೊಂದನೆಯ ವಯಸ್ಸಿಗೆ ಮಗ್ಲಾಹ ಓದಲೆಂದು ಕ್ಯೂಬಾಕ್ಕೆ ಹೋದಳು. ದಾದಿಯಾಗಿ ವಾಪಸಾದಾಗ ಇಪ್ಪತ್ನಾಲ್ಕು. ತಾಯಿ ಆಡಿದ ಅರಬ್ಬಿ ಮಾತು ಅರ್ಧ ಅರ್ಥವಾಗುತ್ತಿರಲಿಲ್ಲ. ಮೊರೊಕ್ಕೊ ಜೊತೆಗಿನ ಯುದ್ಧ ನಿಂತಿತ್ತು, ಜನರ ಮತ ಕೇಳುತ್ತೇವೆ, ಸ್ವಂತ ದೇಶ ಬೇಕೋ ಬೇಡವೋ ನೀವೇ ಹೇಳಿ ಎಂದು ಹೊರಗಿನವರು ಮಾತು ಕೊಟ್ಟಿದ್ದರು. ಊರಿಗೆ ಹೊರಡುವ ದಿನಕ್ಕೆಂದು ನುಯೈನಾ ಪೆಟ್ಟಿಗೆ ಕಟ್ಟಿಟ್ಟಳು. ಮತದಾರರ ಪಟ್ಟಿಗೆ ಹೆಸರು ಬರೆಸಲು ಹೋದರೆ, ನಿನ್ನ ಅಜ್ಜನ ಬಾವಿ ಎಲ್ಲಿತ್ತು, ನಿನ್ನ ಕುಲದ ಹಿರಿಯ ಯಾರು ಎಂದು ಅರ್ಧ ದಿನ ಕೇಳಿದರು. ಪಟ್ಟಿ ಆಯಿತು, ಮತದಾನ ಆಗಲಿಲ್ಲ. ನಂತರ ಬೇರಾದ ಕುಟುಂಬಗಳ ಐದು ದಿನದ ಭೇಟಿಗೆಂದು ಅದೇ ಹೊರಗಿನವರ ಬಿಳಿ ವಿಮಾನ ಗೋಡೆಯ ಆಚೀಚೆ ಹಾರತೊಡಗಿತು. ಹತ್ತು ವರ್ಷ ಕಾದು ಇವರ ಹೆಸರು ಮುಂದಿನ ತಿಂಗಳಿಗೆ ಬಂದಾಗ, ಎರಡು ಕಡೆಯವರಿಗೂ ಮಾತು ಕೂಡಲಿಲ್ಲವೆಂದು ವಿಮಾನವೇ ನಿಂತುಹೋಯಿತು.

ಇಷ್ಟೆಲ್ಲ ಆದಮೇಲೂ ಮಗ್ಲಾಹ ಸ್ಪೇನಿಗೆ ಹೋಗಿದ್ದಳು ಎಂದರೆ ಅವಳ ಹಟ ಎಂಥದ್ದಿರಬೇಕು. ಬರಿಗೈಯಲ್ಲಿ ತಿಂದೂಫ್ ಬಳಿಯ ಔಸರ್ದ್ ಶಿಬಿರಕ್ಕೆ ವಾಪಸಾಗಿ, ಎಂದಿನಂತೆ ದವಾಖಾನೆಯಲ್ಲಿ ಹೆರಿಗೆ ಮಾಡಿಸುತ್ತ ಕೂತಳು.

ಮರುವರ್ಷ ಮಾರ್ಚಿನಲ್ಲಿ, ಮೊರೊಕ್ಕೊ ರಾಜನಿಗೆ ಹೋದ ಒಂದು ಪತ್ರದ ಸುದ್ದಿ ಬಂತು. ಡೇರೆಯಲ್ಲಿ ಟಿವಿ ಸ್ಪ್ಯಾನಿಷ್‌ನಲ್ಲಿ ಒದರುತ್ತಿತ್ತು. ನುಯೈನಾ ಕೆಂಡದ ಮೇಲಿನ ಟೀ ಪಾತ್ರೆಯಿಂದ ಕೈ ತೆಗೆದು ಕೇಳಿದಳು. "ಏನಂತೇ?"

"ಮೊರೊಕ್ಕೊ ಹೇಳೋದೇ ಸರಿಯಂತೆ ಅಮ್ಮ. ನಮ್ಗೆ ಬೇರೆ ದೇಶ ಬೇಡ್ವಂತೆ. ಅವ್ರ ಕೈಕೆಳಗೇ ಒಂದಿಷ್ಟು ಸ್ವಂತ ಆಡಳಿತ ಇಟ್ಕೊಂಡ್ರೆ ಸಾಕಂತೆ."

"ಯಾರಂದದ್ದು?"

"ಸ್ಪೇನ್."

"ಅವ್ರು ಎದ್ದುಹೋಗಿ ನಲವತ್ತಾರು ವರ್ಷ ಆಯ್ತಲ್ಲೇ. ಇನ್ನೂ ನಮ್ಮನೆ ಹಂಚ್ತಾ ಇದಾರಾ?"

ಮಗ್ಲಾಹ ಟಿವಿ ಆರಿಸಿದಳು. ನೀನು ಹುಟ್ಟಿದಾಗ ಅದು ನಮ್ಮದಾಗಿರಲಿಲ್ಲ ಎಂದು ಒಂದು ಕಚೇರಿ ಹೇಳುತ್ತದೆ. ಅದನ್ನು ಯಾರಿಗೆ ಕೊಡಬೇಕೆಂದು ಅದೇ ಸರ್ಕಾರದ ಇನ್ನೊಂದು ಕಚೇರಿ ಪತ್ರ ಬರೆಯುತ್ತದೆ. ಯಾರ ಮುಂದೆ ನಿಂತು ಜಗಳವಾಡುವುದು? ಶಿಬಿರದ ಮುಖಂಡರು ಮೆರವಣಿಗೆ ಮಾಡಿಸಿದರು. ಅವಳೂ ಹೋಗಿ ಗಂಟಲು ಕಿತ್ತುಹೋಗುವಂತೆ ಕೂಗಿದಳು. ಕೂಗನ್ನು ಕೇಳಿದ್ದು ಮೇಕೆದೊಡ್ಡಿಯ ಮೇಕೆಗಳು ಮಾತ್ರ.

ಆವತ್ತೇ ತಾಯಿಗೆ ಹೇಳಿದಳು: "ಇನ್ನು ಯಾರ ಕಾಗದಕ್ಕೂ ಕಾಯೋದು ಬೇಡ. ಅಕ್ಕ ಅಲ್ಲಿಂದ ನುವಾದಿಬುಗೆ ಬರ್ಲಿ. ನಾವು ಇಲ್ಲಿಂದ ಹೋಗೋಣ."

ನುವಾದಿಬು ಮಾರಿಟೇನಿಯದ ಬಂದರು. ಅಕ್ಕನಿಗೆ ಒಂದು ದಿನದ ಹಾದಿ. ಇವರಿಗೆ ಜೀಪಿನಲ್ಲಿ ಎರಡು ದಿನ, ಆಮೇಲೆ ಅದಿರಿನ ರೈಲು. ಯುದ್ಧ ಮತ್ತೆ ಶುರುವಾಗಿ ಮರುಭೂಮಿಯಲ್ಲಿ ಡ್ರೋನುಗಳ ಕಾಟವಿತ್ತು. "ಎಂಬತ್ತೊಂದು ವರ್ಷದವಳನ್ನ ಸಾಯಿಸೋಕೆ ಕರ್ಕೊಂಡ್ ಹೋಗ್ತೀಯಾ?" ಎಂದು ನೆರೆಯವರು ಬೈದರು. "ಇಲ್ಲೇನು ನಾನು ಚಿರಂಜೀವಿಯಾ?" ಎಂದು ನುಯೈನಾ ತಾನೇ ಜೀಪು ಹತ್ತಿದಳು.

ಡಿಸೆಂಬರಿನ ಒಂದು ಬೆಳಿಗ್ಗೆ, ಮೈತುಂಬ ಅದಿರಿನ ಕೆಂಪು ಧೂಳು ಮೆತ್ತಿಕೊಂಡು, ತಾಯಿ ಮಗಳು ನುವಾದಿಬುವಿನ ಬಾಡಿಗೆ ಮನೆಯೊಂದರ ಬಾಗಿಲಲ್ಲಿ ನಿಂತರು. ಒಳಗಿನಿಂದ ಬಂದ ಹೆಂಗಸಿಗೆ ಅರವತ್ತು ದಾಟಿತ್ತು, ಮುಂದಿನ ಹಲ್ಲೆರಡು ಇರಲಿಲ್ಲ. ಮಗ್ಲಾಹ ಅವಳನ್ನು ಮನೆಯ ಒಡತಿ ಎಂದುಕೊಂಡಳು. ನುಯೈನಾ ಹಾಗೆ ತಿಳಿಯಲಿಲ್ಲ. "ಎಂಗಿಯಾ, ಯಾಕೇ ಇಷ್ಟು ಸಣ್ಣಗಾಗಿದೀಯಾ?" ಎಂದಳು, ಮಗಳು ಮೊನ್ನೆ ಅತ್ತೆಮನೆಗೆ ಹೋಗಿ ಇಂದು ಬಂದಿದ್ದಾಳೋ ಎಂಬಂತೆ.

ಮೊದಲ ದಿನ ಅಳುವುದರಲ್ಲಿ ಕಳೆಯಿತು. ಎರಡನೆಯ ದಿನ ಎಂಗಿಯಾ ಮೀನು ಹುರಿದಳು. ನುಯೈನಾ ಮುಳ್ಳನ್ನೂ ಬಿಡದೆ ಚೀಪಿದಳು; ಕಡಲೂರಿನಲ್ಲಿ ಬೆಳೆದವಳಿಗೆ ಮರಳುಗಾಡಿನಲ್ಲಿ ಡಬ್ಬಿಯ ಮೀನಷ್ಟೇ ಸಿಗುತ್ತಿತ್ತು. ಟೀ ಎರಡನೆಯ ಸುತ್ತಿಗೆ ಬಂದಾಗ ಮಗ್ಲಾಹ ಪತ್ರದ ಮಾತು ತೆಗೆದಳು.

ಎಂಗಿಯಾ ಗ್ಲಾಸು ಕೆಳಗಿಟ್ಟಳು. "ಯಾರು ಏನು ಬೇಕಾದ್ರೂ ಬರ್ಕೊಳ್ಲಿ ಬಿಡೇ. ಆ ಗೋಡೆಗೊಂದು ಗೇಟು ತೆಗೆದ್ರೆ ಸಾಕು ನಂಗೆ."

"ಅಂದ್ರೆ? ಮೊರೊಕ್ಕೊಗೆ ಸಹಿ ಹಾಕಿಕೊಡೋಣ ಅಂತೀಯಾ?"

"ನನ್ನ ಕಿರಿ ಮಗ ನಮ್ಮ ಬಾವುಟ ಹಿಡಿದ ಅಂತ ಎರಡು ವರ್ಷ ಜೈಲಲ್ಲಿದ್ದ. ಮನೆ ಮುಂದೆ ಇವತ್ತಿಗೂ ಪೊಲೀಸ್ ಜೀಪು ನಿಂತಿರುತ್ತೆ. ನಂಗೆ ಹೇಳ್ಕೊಡ್ಬೇಡ."

"ಮತ್ತೆ ನಾವು? ನಲವತ್ತಾರು ವರ್ಷ ಡೇರೇಲಿ ಹಿಟ್ಟಿನ ಚೀಲಕ್ಕೆ ಸಾಲಲ್ಲಿ ನಿಂತಿದ್ದು ಇದಕ್ಕಾ?"

"ನಿಂತ್ಕೊಳ್ಳಿ ಅಂದೋರ್ಯಾರು? ಓಡಿಹೋದೋರು ನೀವು. ಅಪ್ಪನಿಗೆ ಲಾರಿ ನಮ್ಮ ಬೀದಿಗೆ ತಿರುಗಿಸೋಕೆ ಹತ್ತು ನಿಮಿಷ ಇರ್ಲಿಲ್ಲ!"

ಮಗ್ಲಾಹ ಏನೋ ಹೇಳಲು ಬಾಯಿ ತೆರೆದಳು. ನುಯೈನಾ ಕೈ ಎತ್ತಿದಳು.

"ನಿಮ್ಮಪ್ಪ ತಿರುಗಿಸ್ತೀನಿ ಅಂದ. ಬೇಡ ಅಂದವಳು ನಾನು. ಆ ಬೀದೀಲಿ ಸಿಪಾಯಿಗಳು ಇದ್ದಾರೆ ಅಂತ ಯಾರೋ ಕೂಗಿದ್ರು. ಇವಳು ತೊಡೆ ಮೇಲಿದ್ಲು. ನಿಂಗೆ ಗಂಡ ಇದಾನೆ, ಒಂದು ವಾರದಲ್ಲಿ ಬಂದು ಕರ್ಕೊಂಡ್ ಹೋಗೋಣ ಅಂದೆ. ಬೈಯೋದಿದ್ರೆ ನನ್ನ ಬೈ. ಸತ್ತವನನ್ನ ಬಿಡು."

ಎಂಗಿಯಾ ಬೈಯಲಿಲ್ಲ. ಎದ್ದು ಅಂಗಳಕ್ಕೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು. ಮಗ್ಲಾಹಳಿಗೂ ಅದು ಗೊತ್ತಿರಲಿಲ್ಲ. ಇಷ್ಟು ವರ್ಷ ಒಂದೇ ಡೇರೆಯಲ್ಲಿ ಮಲಗಿದ್ದ ತಾಯಿ ಅದನ್ನು ಒಬ್ಬಳೇ ನುಂಗಿಕೊಂಡಿದ್ದಳು. ಸರ್ಕಾರಗಳ ಮೇಲೆ ಕೂಗಾಡಿ ಅಭ್ಯಾಸವಾದ ಮಗ್ಲಾಹಳಿಗೆ ಈ ಸಿಟ್ಟನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ಎಂಗಿಯಾ ಒಳಗೆ ಬಂದು, ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚತೊಡಗಿದಳು.

ಉಳಿದ ಎರಡು ದಿನ ಪತ್ರದ ಸುದ್ದಿ ಯಾರೂ ಎತ್ತಲಿಲ್ಲ. ಬೀಳ್ಕೊಡುವಾಗ ಅಕ್ಕತಂಗಿಯರು ತಬ್ಬಿಕೊಂಡರು, ಆದರೆ ಗಟ್ಟಿಯಾಗಿ ಅಲ್ಲ.

ವಾಪಸು ಹೋಗುವಾಗ ಗಡಿಯಲ್ಲಿ ಮೊರೊಕ್ಕೊ ಪೊಲೀಸರು ಎಂಗಿಯಾಳನ್ನು ಮೂರು ತಾಸು ಕೂರಿಸಿ, ಯಾರನ್ನು ನೋಡಿದೆ, ಏನು ಮಾತಾಡಿದೆ ಎಂದು ಕೇಳಿ ಫೋನು ಕಿತ್ತುಕೊಂಡರಂತೆ. ಅದು ಇವರಿಗೆ ಗೊತ್ತಾಗಿದ್ದು ಎರಡು ತಿಂಗಳ ನಂತರ. ಅಷ್ಟು ದಿನವೂ ಮಗ್ಲಾಹ ಅಕ್ಕ ಮುನಿಸಿಕೊಂಡಿದ್ದಾಳೆಂದೇ ನಂಬಿದ್ದಳು. ತಾಯಿಯೊಂದಿಗೂ ನೆಟ್ಟಗೆ ಮಾತಾಡಿರಲಿಲ್ಲ.

ಕಡೆಗೂ ಯಾರದೋ ನಂಬರಿನಿಂದ ಕರೆ ಬಂತು. ಕ್ಷೇಮ ಸಮಾಚಾರ ಕೇಳುವ ಮುನ್ನವೇ ಎಂಗಿಯಾ ಶುರು ಮಾಡಿದಳು. "ನೋಡೇ, ನಾನು ಸಹಿ ಹಾಕು ಅಂದಿರ್ಲಿಲ್ಲ. ಗೇಟು ತೆಗೀಲಿ ಅಂದೆ ಅಷ್ಟೆ. ಎರಡೂ ಒಂದೇನಾ?"

"ಒಂದೇ ಅಕ್ಕ! ಅವ್ರು ಗೇಟು ತೆಗೆಯೋದು ಸಹಿ ಹಾಕಿದ್ಮೇಲೇ," ಎಂದು ಮಗ್ಲಾಹ ರೇಗಿದಳು.

"ಹಾಗಾದ್ರೆ ನೀನು ತೆಗೆಸು. ನಿನ್ನ ಕ್ಯೂಬಾ ಓದು ಯಾಕಿರೋದು?"

ನುಯೈನಾ ಮಗಳ ಕೈಯಿಂದ ಫೋನು ಕಿತ್ತುಕೊಂಡಳು. "ಎಂಗಿಯಾ, ನಿನ್ನ ಕಿರಿಯವನಿಗೆ ಹೆಣ್ಣು ಗೊತ್ತಾಯ್ತೇನೇ?"