ಸಾಕ್ಷಿಯ ಸ್ವರಕ್ಕೊಂದು ಇಂಗ್ಲಿಷ್ ಪದ

ಕನ್ನಡ ಜಿಲ್ಲೆಗಳೆಲ್ಲ ಒಂದು ರಾಜ್ಯವಾದ ಹೊಸತರಲ್ಲಿ ನಾನು ಕುಂದಾಪುರದ ನ್ಯಾಯಾಲಯದಲ್ಲಿ ಭಾಷಾಂತರಕಾರನಾಗಿದ್ದೆ. ಸಾಕ್ಷಿಗಳ ಕನ್ನಡವನ್ನು ನಾನು ಇಂಗ್ಲಿಷಿನಲ್ಲಿ ಹೇಳಬೇಕು, ನ್ಯಾಯಾಧೀಶರು ಬರೆದುಕೊಳ್ಳಬೇಕು. ಅವರು ಮದರಾಸಿನ ಕಡೆಯವರು. ನಮ್ಮೂರ ಮಾತು ಅವರಿಗೆ ತಿಳಿಯದು. ಸಾಕ್ಷಿಯ ಮಾತಿಗೆ ಒಂದಕ್ಷರ ಕೂಡಿಸದಂತೆ, ಒಂದಕ್ಷರ ಕಳೆಯದಂತೆ ನಾಲಿಗೆಯನ್ನು ಕಾಯೆಂದು ಪ್ರತಿದಿನ ಸಂಧ್ಯಾವಂದನೆಯ ಕೊನೆಗೆ ದೇವರಲ್ಲಿ ಬೇಡಿಕೊಂಡೇ ಹೊರಡುತ್ತಿದ್ದೆ.

ಒಂದು ದಿನ ಕುಂಭಾಶಿಯ ವಿಧವೆಯೊಬ್ಬಳು ಸಾಕ್ಷಿಕಟ್ಟೆ ಹತ್ತಿದಳು. ನೆರೆಮನೆಯ ಧಣಿಗಳು ಬಾವಿ ತಮ್ಮದೆಂದು ಬೇಲಿ ಹಾಕಿದ್ದರು. ಅದು ತಪ್ಪಿದರೆ ಅವಳಿಗೆ ಬೇರೆ ನೀರಿಲ್ಲ. ಧಣಿಗಳ ವಕೀಲರು, “ಬಾವಿ ಅವರದ್ದೇ ಅಲ್ದಾ?” ಎಂದು ಕೇಳಿದರು.

“ಹೌದೌದ್ ಒಡೆಯಾ. ಬಾವಿ ಅವರದ್ದೇ, ನೀರೂ ಅವರದ್ದೇ. ನಾನ್ ಈ ಮನಿಗ್ ಬಂದಲ್ಲಿಂದ ಕದ್ದೇ ಕುಡ್ದದ್ದ್,” ಎಂದಳು.

ಜಗಲಿಯಲ್ಲಿ ನಿಂತವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಪದಕ್ಕೆ ಪದವಿಟ್ಟರೆ ಅದು ತಪ್ಪೊಪ್ಪಿಗೆ. ಗುರುಗಳು ಶಾಸ್ತ್ರಪಾಠದಲ್ಲಿ ವಿಪರೀತಲಕ್ಷಣೆಯೆಂಬುದನ್ನು ವಿವರಿಸಿದ್ದರು: ಆಡಿದ ಮಾತಿಗೆ ವಿರುದ್ಧವಾದ ಅರ್ಥವೇ ಆಡಿದವರ ಮನಸ್ಸಿನಲ್ಲಿರುವುದು. ಅದಕ್ಕೆ ಸಮೀಪದ ಇಂಗ್ಲಿಷ್ ಪದವನ್ನು ನೆನೆದು, ಅವಳ ಮಾತನ್ನೆಲ್ಲ ಹೇಳಿ, ಕೊನೆಗೆ ‘ಐರಾನಿಕಲಿ’ ಎಂದು ಸೇರಿಸಿದೆ. ಈಗಿನವರು ಬರಿಯ ಕಾಕತಾಳೀಯಕ್ಕೂ ಆ ಪದವನ್ನು ಬಳಸುವುದನ್ನು ಕಾಣುತ್ತೇನೆ. ನನಗೆ ಅದು ಅಂದಿನ ಅರ್ಥದಲ್ಲೇ ಉಳಿದಿದೆ.

ವಕೀಲರು ಎದ್ದು ನಿಂತರು. “ಸಾಕ್ಷಿ ಆಡಿದ ಯಾವ ಪದಕ್ಕೆ ಇದು ಭಾಷಾಂತರ?”

“ಪದಕ್ಕಲ್ಲ, ಸ್ವರಕ್ಕೆ,” ಎಂದೆ. ದೇವರ ಮುಂದೆ ಆಡಿದ್ದನ್ನು ನಾನೇ ಮೀರಿದೆನೋ ಎಂಬ ಅಳುಕು.

ನ್ಯಾಯಾಧೀಶರು ಲೇಖನಿ ಕೆಳಗಿಟ್ಟು, ಬಾವಿ ತೋಡಿಸಿದವರು ಯಾರೆಂದು ನೇರವಾಗಿ ಹೇಳಲಿ ಎಂದರು. ನಾನು ಅವಳನ್ನು ಕೇಳಿದೆ.

“ನಮ್ಮ ಮಾವ. ಊರಿಗೇ ಗೊತ್ತಿತ್ತ್,” ಎಂದಳು. ಬಳಿಕ ನನ್ನತ್ತ ಬಾಗಿ, “ಅಯ್ಯಾ, ಅವ್ರಿಗ್ ಕುಶಾಲ್ ಗೊತ್ತಾತಿಲ್ಯಾ?”

ಸಾಕ್ಷಿಯ ಮಾತು ಬಿಡುವಂತಿಲ್ಲ. ನ್ಯಾಯಾಧೀಶರಿಗೆ ತಮಾಷೆ ತಿಳಿಯುವುದಿಲ್ಲವೇ ಎಂದು ಅದನ್ನೂ ಭಾಷಾಂತರಿಸಿದೆ. ನ್ಯಾಯಾಧೀಶರು ತಲೆ ತಗ್ಗಿಸಿ ಬಹಳ ಹೊತ್ತು ಏನನ್ನೋ ಬರೆದರು. ಸಾಕ್ಷ್ಯವನ್ನು ಅವಳಿಗೆ ಓದಿ ಹೇಳಲೆಂದು ಹಾಳೆ ನನ್ನ ಕೈಗೆ ಬಂದಾಗ, ನಾನು ಸೇರಿಸಿದ ಪದ ಅವರ ಅಕ್ಷರದಲ್ಲಿ ಹಾಗೆಯೇ ಇತ್ತು.

ತೀರ್ಪು ಬರುವಾಗ ಮಳೆಗಾಲ ಕಳೆದಿತ್ತು. ಅವಳ ಪರವಾಗಿಯೇ ಬಂತು. ಮುಂದಿನ ಸಂಕಷ್ಟಿಗೆ ಅವಳೂರಿನ ಆನೆಗುಡ್ಡೆಯ ದೇವಸ್ಥಾನಕ್ಕೆ ಹೊರಟವನು ಅವಳ ಮನೆಯ ದಾರಿ ಹಿಡಿದೆ. ಬೇಲಿ ಕಿತ್ತ ಜಾಗದಲ್ಲಿ ಬಸಳೆಯ ಚಪ್ಪರ ಎದ್ದಿತ್ತು. ಅವಳು ಒಂದು ಕೊಡ ನೀರು ಸೇದಿ ಬಾವಿಕಟ್ಟೆಯ ಮೇಲಿಟ್ಟಳು. ಕೈಕಾಲು ತೊಳೆದುಕೊಂಡು ದೇವರ ದರ್ಶನಕ್ಕೆ ಗುಡ್ಡ ಹತ್ತಿದೆ.